ರಮಝಾನಿನ ನಂತರದ ಹನ್ನೊಂದು ತಿಂಗಳು

(ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲೂಕುಗಳ ಮಸೀದಿ ಸಮಿತಿಗಳ ಹೊಣೆಗಾರರು ಹಾಗೂ ಕುಟುಂಬಗಳನ್ನುದ್ದೇಶಿಸಿ ಮಾಡಿದ ಭಾಷಣದ ಪಠ್ಯ)



ನಮ್ಮ ಸಮುದಾಯ ಜಿಪುಣ ಸಮುದಾಯವಲ್ಲ. ರಮಝಾನಿನ ಕೊನೆಯ ಹತ್ತು ದಿನಗಳಲ್ಲಿ ಯಾವ ಮಸೀದಿಯ ಬಾಗಿಲಲ್ಲಿ ನಿಂತರೂ ಇದು ತಿಳಿಯುತ್ತದೆ. 2020ರ ಅಕ್ಟೋಬರ್‌ನಲ್ಲಿ ಭೀಮಾ ನದಿ ಉಕ್ಕಿ ಅಫಜಲಪುರ, ಜೇವರ್ಗಿಯ ನದಿತೀರದ ಹಳ್ಳಿಗಳು ಮುಳುಗಿದಾಗಲೂ ಜನರ ಮನಸ್ಸು ಕರಗಿತು. ಆದರೆ ನೆರೆ ಇಳಿದ ಮೇಲೆ, ಈದ್ ಮುಗಿದ ಮೇಲೆ ಏನಾಗುತ್ತದೆ? ಶಾಲೆಯ ಶುಲ್ಕ ಜೂನ್‌ನಲ್ಲಿ ಬರುತ್ತದೆ. ಹಾಸ್ಟೆಲಿನ ಊಟದ ಖರ್ಚು ಪ್ರತಿ ತಿಂಗಳೂ ಬರುತ್ತದೆ. ಡಯಾಲಿಸಿಸ್ ಮಾಡಿಸಿಕೊಳ್ಳುವ ರೋಗಿಗೆ ವಾರದ ಲೆಕ್ಕ. ಬಡತನಕ್ಕೆ ಕ್ಯಾಲೆಂಡರಿನ ಎಲ್ಲ ಹಾಳೆಗಳೂ ಒಂದೇ. ನಮ್ಮ ಔದಾರ್ಯಕ್ಕೆ ಮಾತ್ರ ಒಂದೇ ಹಾಳೆ.

ನಮ್ಮ ಭಾಗದ ಬದುಕಿನಲ್ಲಿ ಇದಕ್ಕೆ ಕಾರಣವೂ ಇದೆ. ಇದು ತೊಗರಿಯ ನಾಡು. ರಾಶಿಯಾದ ಮೇಲೆ ಕೈಯಲ್ಲಿ ಹಣ, ಮಳೆಗಾಲದಲ್ಲಿ ಸಾಲ. ರೈತನಿಂದ ಮಾಸಿಕ ದೇಣಿಗೆ ಕೇಳುವುದು ನ್ಯಾಯವಲ್ಲ, ಅವನು ಸುಗ್ಗಿಯಲ್ಲಿ ಕೊಡಲಿ. ನಾನು ಕೇಳುತ್ತಿರುವುದು ತಿಂಗಳ ಸಂಬಳದವರನ್ನು: ಶಿಕ್ಷಕರನ್ನು, ಸರಕಾರಿ ನೌಕರರನ್ನು, ಬೆಂಗಳೂರು, ಪುಣೆ, ಹೈದರಾಬಾದಿನಲ್ಲಿ ದುಡಿಯುವ ನಮ್ಮ ಯುವಕರನ್ನು. ದಿನದ ಗಲ್ಲಾ ಇರುವ ಅಂಗಡಿಕಾರರೂ ಇದರಿಂದ ಹೊರತಲ್ಲ.

ಅಲ್ಪವಾದರೂ ನಿರಂತರವಾಗಿರುವ ಕರ್ಮವೇ ಅಲ್ಲಾಹನಿಗೆ ಹೆಚ್ಚು ಪ್ರಿಯವೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ನಾವು ಇದನ್ನು ನಮಾಝಿಗೆ ಅನ್ವಯಿಸುತ್ತೇವೆ, ಜೇಬಿಗೆ ಅನ್ವಯಿಸುವುದಿಲ್ಲ. ನಮ್ಮ ಅಜ್ಜಿಯಂದಿರು ಅನ್ವಯಿಸಿದ್ದರು. ಅಡುಗೆಗೆ ಅಕ್ಕಿ ಅಥವಾ ಹಿಟ್ಟು ತೆಗೆಯುವಾಗ ಒಂದು ಮುಷ್ಟಿ ಮದ್ರಸಾದ ಡಬ್ಬಿಗೆ ಹಾಕುವ ರೂಢಿ ಅನೇಕ ಮನೆಗಳಲ್ಲಿತ್ತು. ಉತ್ತರ ಕರ್ನಾಟಕದ ಲಿಂಗಾಯತ ಮಠಗಳ ಪ್ರಸಾದ ನಿಲಯಗಳೂ ಇಂಥ ಮುಷ್ಟಿ ಧಾನ್ಯದಿಂದ ಬಡ ವಿದ್ಯಾರ್ಥಿಗಳಿಗೆ ಉಣಿಸಿದವು. ನೆರೆಯವರಿಂದ ಕಲಿಯಲು ಸಂಕೋಚವೇಕೆ?

1866ರಲ್ಲಿ ಸ್ಥಾಪನೆಯಾದ ದೇವಬಂದಿನ ದಾರುಲ್ ಉಲೂಮ್ ನವಾಬರ ಜಹಗೀರನ್ನು ನೆಚ್ಚಲಿಲ್ಲ. ಸಾಮಾನ್ಯರ ಚಿಕ್ಕ ಚಿಕ್ಕ ದೇಣಿಗೆಗಳ ಮೇಲೆ ನಿಂತಿತು, ಕೊಟ್ಟವರ ಪಟ್ಟಿಯನ್ನು ವಾರ್ಷಿಕ ವರದಿಯಲ್ಲಿ ಮುದ್ರಿಸಿತು. ದೂರದವರ ಹಣ ಅಂಚೆಯ ಮನಿಯಾರ್ಡರ್‌ನಲ್ಲಿ ಬರುತ್ತಿತ್ತು. ಅಂದಿನ ಕಾಲಕ್ಕೆ ಅದೇ ಹೊಸ ತಂತ್ರಜ್ಞಾನ. ಇಂದಿನ ಸಂಸ್ಥೆಯ ವೆಬ್‌ಸೈಟನ್ನು ಸಂಶಯದಿಂದ ನೋಡುವ ಹಿರಿಯರು ಇದನ್ನು ನೆನೆಯಬೇಕು.

ಹೊಸ ವಿಧಾನ ಕಷ್ಟವಲ್ಲ. ಯುಪಿಐ ಆಟೋಪೇ 2020ರಲ್ಲಿ ಬಂತು. ಸಂಸ್ಥೆಯ ವೆಬ್‌ಸೈಟಿನಲ್ಲಿ 'ಪ್ರತಿ ತಿಂಗಳು' ಎಂಬುದನ್ನು ಆರಿಸಿ, ಮೊತ್ತ ಬರೆದು, ಒಮ್ಮೆ ಪಿನ್ ಹಾಕಿ ಒಪ್ಪಿಗೆ ಕೊಟ್ಟರೆ ಸಾಕು. ರಿಸರ್ವ್ ಬ್ಯಾಂಕಿನ ನಿಯಮದಂತೆ ಹಣ ಕಡಿತವಾಗುವ ಕನಿಷ್ಠ 24 ಗಂಟೆ ಮೊದಲು ಸಂದೇಶ ಬರಬೇಕು, ಒಪ್ಪಿಗೆಯನ್ನು ನೀವು ಯಾವಾಗ ಬೇಕಾದರೂ ರದ್ದುಪಡಿಸಬಹುದು. "ಒಮ್ಮೆ ಸಿಕ್ಕಿಕೊಂಡರೆ ಬಿಡಿಸಿಕೊಳ್ಳಲಾಗದು" ಎಂಬ ಭಯಕ್ಕೆ ಆಧಾರವಿಲ್ಲ. ಆದರೆ ಯಾರೋ ಕಳಿಸಿದ ವಾಟ್ಸಾಪ್ ಲಿಂಕನ್ನು ಒತ್ತಬೇಡಿ. ವಿಳಾಸವನ್ನು ನೀವೇ ಟೈಪ್ ಮಾಡಿ, ಹಣ ಸಂಸ್ಥೆಯ ಹೆಸರಿಗೇ ಹೋಗುತ್ತಿದೆಯೇ, ಯಾರದೋ ಸ್ವಂತ ಖಾತೆಗೋ ಎಂದು ನೋಡಿ.

ಇನ್ನೂರು ಮಂದಿ ತಲಾ ನೂರು ರೂಪಾಯಿ ಕೊಟ್ಟರೆ ತಿಂಗಳಿಗೆ 20,000, ವರ್ಷಕ್ಕೆ 2,40,000 ರೂಪಾಯಿ. ಮೊತ್ತ ದೊಡ್ಡದಲ್ಲ, ಆದರೆ ಖಚಿತ. ಮುಂದಿನ ತಿಂಗಳೂ ಹಣ ಬರುತ್ತದೆಂದು ತಿಳಿದಿದ್ದರೆ ಮಾತ್ರ ಸಂಸ್ಥೆಯೊಂದು ಬಾಲಕಿಗೆ "ಮೂರು ವರ್ಷ ಓದು, ನಾವಿದ್ದೇವೆ" ಎಂದು ಹೇಳಬಲ್ಲದು. ಈ ಮಾತಿಗೆ ಇಂದು ಬೆಲೆ ಹೆಚ್ಚಿದೆ. 2022ರಲ್ಲಿ ಕೇಂದ್ರ ಸರಕಾರವು ಒಂದರಿಂದ ಎಂಟನೇ ತರಗತಿಯ ಅಲ್ಪಸಂಖ್ಯಾತ ಮಕ್ಕಳ ವಿದ್ಯಾರ್ಥಿವೇತನವನ್ನು ನಿಲ್ಲಿಸಿತು. ಸಂಶೋಧನಾ ವಿದ್ಯಾರ್ಥಿಗಳ ಮೌಲಾನಾ ಆಝಾದ್ ಫೆಲೋಶಿಪ್ಪನ್ನೂ ಅದೇ ವರ್ಷ ಕೈಬಿಟ್ಟಿತು. ಅದನ್ನು ಪ್ರಶ್ನಿಸುವುದು ನಾಗರಿಕರಾಗಿ ನಮ್ಮ ಹಕ್ಕು, ಪ್ರಶ್ನಿಸುತ್ತಲೇ ಇರಬೇಕು. ಆದರೆ ಉತ್ತರ ಬರುವವರೆಗೆ ಆ ಮಗು ಶಾಲೆ ಬಿಟ್ಟು ಕೂರಬೇಕೇ? ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಆಳಂದ ತಾಲೂಕಿನ ಕಡಗಂಚಿಯಲ್ಲೇ ಇದೆ. ಅದರ ಗೇಟಿನ ಮುಂದೆ ಬಸ್ಸಿನಲ್ಲಿ ಹಾದುಹೋಗುವ ನಮ್ಮ ಹೆಣ್ಣುಮಕ್ಕಳಲ್ಲಿ ಎಷ್ಟು ಮಂದಿ ಒಳಗೆ ಹೋಗುತ್ತಿದ್ದಾರೆ?

ಇನ್ನು ಸಂಸ್ಥೆಗಳ ಹೊಣೆಗಾರರಿಗೆ ಎರಡು ಮಾತು, ಸ್ವಲ್ಪ ಕಹಿಯಾಗಿಯೇ. ತಿಂಗಳಿಗೊಮ್ಮೆ ಹಣ ಪಡೆಯುವವರು ತಿಂಗಳಿಗೊಮ್ಮೆ ಲೆಕ್ಕವನ್ನೂ ಕೊಡಬೇಕು. ಬಂದದ್ದೆಷ್ಟು, ಹೋದದ್ದೆಷ್ಟು, ಉಳಿದದ್ದೆಷ್ಟು ಎಂಬುದು ಅದೇ ವೆಬ್‌ಸೈಟಿನಲ್ಲಿ, ಕನ್ನಡ ಮತ್ತು ಉರ್ದುವಿನಲ್ಲಿ ಕಾಣಲಿ. ಝಕಾತ್‌ನ ಹಕ್ಕುದಾರರನ್ನು ಕುರ್‌ಆನ್ ನಿಗದಿಪಡಿಸಿದೆ, ಆದ್ದರಿಂದ ಅದರ ಖಾತೆ ಬೇರೆಯಿರಲಿ, ಮಾಸಿಕ ಸದಕಾದ ಖಾತೆ ಬೇರೆಯಿರಲಿ. ಝಕಾತ್‌ನಿಂದ ಕಚೇರಿಗೆ ಬಣ್ಣ ಬಳಿಯುವವರನ್ನು ಪ್ರಶ್ನಿಸಿದರೆ ಅದು ಫಿತ್ನಾ ಅಲ್ಲ. ನೆರವು ಪಡೆದ ವಿಧವೆಯ ಭಾವಚಿತ್ರವನ್ನು ದಯವಿಟ್ಟು ಪ್ರಕಟಿಸಬೇಡಿ. ದಾನಿಗೆ ಲೆಕ್ಕ ಬೇಕು, ಅವಳ ಮುಖವಲ್ಲ.

ಗಲ್ಫ್‌ನಲ್ಲಿರುವ ಸಹೋದರರು ಕೇಳುತ್ತಿರುತ್ತಾರೆ. ಭಾರತೀಯ ಪೌರತ್ವವುಳ್ಳವರು ತಮ್ಮ ಗಳಿಕೆಯಿಂದ ಬ್ಯಾಂಕಿನ ಮೂಲಕ ಕೊಡುವ ಹಣ ವಿದೇಶಿ ದೇಣಿಗೆಯೆನಿಸುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದವರ ಹಣವಾದರೆ ಸಂಸ್ಥೆಗೆ ಎಫ್‌ಸಿಆರ್‌ಎ ನೋಂದಣಿ ಇರಲೇಬೇಕು. ತೆರಿಗೆ ವಿನಾಯಿತಿ ಬಯಸುವವರು 2,000 ರೂಪಾಯಿಗಿಂತ ಹೆಚ್ಚನ್ನು ನಗದಾಗಿ ಕೊಡಬಾರದು. ಹೊಸ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗಂತೂ ಈ ವಿನಾಯಿತಿಯೇ ಇಲ್ಲ, ಅವರು ಪರಲೋಕದ ಲೆಕ್ಕದಲ್ಲೇ ಕೊಡಲಿ.

ಸ್ಮಾರ್ಟ್‌ಫೋನ್ ಇಲ್ಲದ ತಾಯಂದಿರು ಹಳೆಯ ಡಬ್ಬಿಯನ್ನೇ ಮತ್ತೆ ಕೆಳಗಿಳಿಸಲಿ, ತಿಂಗಳ ಕೊನೆಗೆ ಮಗನೋ ಮಗಳೋ ಅದನ್ನು ಜಮಾ ಮಾಡಲಿ. ಉಳಿದವರು ಕಡಿತದ ತಾರೀಖನ್ನು ಸಂಬಳವಾದ ಎರಡು ಮೂರು ದಿನಗಳೊಳಗೇ ಇಟ್ಟುಕೊಳ್ಳಿ. ತಿಂಗಳ ಕೊನೆಗಿಟ್ಟರೆ ಖಾತೆ ಬರಿದಾಗಿರುತ್ತದೆ, ಪಾವತಿ ವಿಫಲವಾದರೆ ಕೆಲವು ಬ್ಯಾಂಕುಗಳು ದಂಡವನ್ನೂ ಹಾಕುತ್ತವೆ.