ಅಕ್ಷರದಿಂದ ಓದಿನೆಡೆಗೆ



ನೀವು ಓದಲು ಕಲಿತದ್ದು ಹೇಗೆ ಎಂದು ಯಾರಾದರೂ ಕೇಳಿದರೆ ಏನು ಹೇಳುತ್ತೀರಿ? ನಮ್ಮಲ್ಲಿ ಬಹುಮಂದಿಗೆ ಅದು ನೆನಪಿರುವುದಿಲ್ಲ. ಈಜು, ಸೈಕಲ್ ಸವಾರಿಗಳಂತೆ ಓದು ಕೂಡ ಒಮ್ಮೆ ಕೈವಶವಾದ ಮೇಲೆ, ಅದು ಬಂದ ದಾರಿ ಮರೆತುಹೋಗುತ್ತದೆ. ಆದ್ದರಿಂದಲೇ ಓದು ಬಾರದ ಮಗುವನ್ನು ಕಂಡಾಗ "ಇಷ್ಟು ಸುಲಭವಾದದ್ದೂ ಬಾರದೆ?" ಎಂದು ನಮಗೆ ಸೋಜಿಗವಾಗುತ್ತದೆ.

ನಿಜವಾಗಿ ನೋಡಿದರೆ ಅದು ಅಷ್ಟು ಸುಲಭವಲ್ಲ. ದೇಶದ ಗ್ರಾಮೀಣ ಮಕ್ಕಳ ಕಲಿಕೆಯನ್ನು ಅಳೆಯುವ 'ಅಸರ್' ಸಮೀಕ್ಷೆಯ 2024ರ ವರದಿಯಂತೆ, ಐದನೆಯ ತರಗತಿಯ ಮಕ್ಕಳಲ್ಲಿ ಎರಡನೆಯ ತರಗತಿಯ ಪಾಠವನ್ನು ಓದಬಲ್ಲವರು ಅರ್ಧದಷ್ಟೂ ಇಲ್ಲ. ಇದು ಭಾಷಾ ಪಾಠಕ್ಕೆ ಮಾತ್ರ ಸಂಬಂಧಿಸಿದ ಮಾತಲ್ಲ. ಇಪ್ಪತ್ತನಾಲ್ಕು ಮಾವಿನಹಣ್ಣುಗಳನ್ನು ಆರು ಜನರಿಗೆ ಸಮನಾಗಿ ಹಂಚುವುದು ಆ ಮಗುವಿಗೆ ಗೊತ್ತಿರಬಹುದು. ಆದರೆ ಅದೇ ಲೆಕ್ಕ ಪುಸ್ತಕದಲ್ಲಿ ವಾಕ್ಯವಾಗಿ ಬಂದರೆ, ಅದನ್ನು ಓದಲಾಗದೆ ಸುಮ್ಮನೆ ಕುಳಿತುಬಿಡುತ್ತದೆ. ನಾವು ಆ ಮಗುವನ್ನು 'ಲೆಕ್ಕದಲ್ಲಿ ದಡ್ಡ' ಎನ್ನುತ್ತೇವೆ. ವಿಜ್ಞಾನ, ಸಮಾಜ ಎಲ್ಲಕ್ಕೂ ಇದೇ ಗತಿ.

ಹಾಗಾದರೆ ಕನ್ನಡ ಓದಲು ಕಲಿಯುವ ಮಗುವಿನ ಮುಂದಿರುವ ಕೆಲಸವೇನು? ಸ್ವಲ್ಪ ಲೆಕ್ಕ ಹಾಕೋಣ. ನಮ್ಮ ವರ್ಣಮಾಲೆಯಲ್ಲಿ 49 ಅಕ್ಷರಗಳು. 13 ಸ್ವರ, 2 ಯೋಗವಾಹ, 34 ವ್ಯಂಜನ. ಒಂದೊಂದು ವ್ಯಂಜನಕ್ಕೂ ಕಾಗುಣಿತದಲ್ಲಿ 15 ರೂಪಗಳು. ಅಲ್ಲಿಗೆ 510 ರೂಪಗಳಾದವು. ಇದರ ಮೇಲೆ ಒತ್ತಕ್ಷರಗಳು. ಇವನ್ನೆಲ್ಲ ಒಂದೊಂದಾಗಿ ಬಾಯಿಪಾಠ ಮಾಡುವುದಾದರೆ ಯಾವ ಮಗುವಾದರೂ ಸೋಲುತ್ತದೆ. ಆದರೆ 34 ವ್ಯಂಜನಗಳು ಮತ್ತು 14 ಚಿಹ್ನೆಗಳು ತಿಳಿದರೆ ಉಳಿದುದೆಲ್ಲ ಜೋಡಣೆಯ ಕೆಲಸ. ತಲೆಕಟ್ಟು, ಇಳಿ, ಗುಡಿಸು, ಕೊಂಬು, ವಟ್ರಸುಳಿ, ಏತ್ವ ಎಂದು ನಮ್ಮ ಹಿಂದಿನ ಮೇಷ್ಟರುಗಳು ಹೆಸರಿಟ್ಟು ಕರೆದದ್ದು ಇವನ್ನೇ. 'ಕ' ಮೇಲಿನ ಗುಡಿಸನ್ನು ಅರಿತ ಮಗು 'ಗಿ', 'ಮಿ', 'ಸಿ'ಗಳನ್ನು ತಾನೇ ಓದಬಲ್ಲದು. ಓದು ಕಲಿಸುವುದು ಎಂದರೆ ಈ ಜೋಡಣೆಯ ಗುಟ್ಟನ್ನು ಮಗುವಿನ ಕೈಗೆ ಕೊಡುವುದು.

ಈ ಗುಟ್ಟು ಎಲ್ಲಿಂದ ಆರಂಭವಾಗಬೇಕು? ಸಾಂಪ್ರದಾಯಿಕವಾಗಿ ನಾವು ಅ, ಆ, ಇ, ಈ ಎಂದು ತೊಡಗುತ್ತೇವೆ. ಅಕ್ಷರಗಳ ಕ್ರಮ ತಿಳಿಯಲು, ಮುಂದೆ ನಿಘಂಟು ನೋಡಲು ಇದು ಅಗತ್ಯವೇ. ಆದರೆ ಮೊದಲ ಐದು ಅಕ್ಷರ ಕಲಿತ ಮಗುವಿಗೆ 'ಆ', 'ಈ' ಎಂಬೆರಡನ್ನು ಬಿಟ್ಟರೆ ಓದಲು ಒಂದು ಪದವೂ ಸಿಗುವುದಿಲ್ಲ. 1995ರಲ್ಲಿ ಯುನಿಸೆಫ್ ನೆರವಿನಿಂದ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ 'ನಲಿ-ಕಲಿ' ಬೇರೆ ದಾರಿ ಹಿಡಿಯಿತು. ಆಂಧ್ರಪ್ರದೇಶದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳಿಂದ ಸ್ಫೂರ್ತಿ ಪಡೆದ ಈ ಪದ್ಧತಿ, 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ವಿಸ್ತರಿಸಿತು. ಇದರಲ್ಲಿ ಮೊದಲು ಕಲಿಸುವ ಅಕ್ಷರಗಳು ರ, ಗ, ಸ, ದ, ಅ. ಈ ಐದರಿಂದ ಎಷ್ಟು ಪದಗಳಾಗುತ್ತವೆ ನೋಡಿ: ಸರ, ದರ, ರಸ, ಅರಸ, ಅಗಸ, ಗರಗಸ. ಮುಂದಿನ ಗುಂಪು ಜ, ವ, ಮ, ಬ, ನ. ಇಷ್ಟಾದರೆ 'ಬಸವ ಅರಸನ ಮಗ' ಎಂದು ಪೂರ್ಣ ವಾಕ್ಯವನ್ನೇ ಮಗು ಓದುತ್ತದೆ. ಹತ್ತೇ ಅಕ್ಷರಗಳಲ್ಲಿ ಒಂದು ಅರ್ಥ ಮೂಡಿತು! ತಾನು ಓದಿದ್ದು ಅರ್ಥವಾದಾಗ ಆಗುವ ಸಂತೋಷವೇ ಮಗುವನ್ನು ಹನ್ನೊಂದನೆಯ ಅಕ್ಷರಕ್ಕೆ ಕರೆದೊಯ್ಯುತ್ತದೆ.

ಮಕ್ಕಳು ತಪ್ಪುವ ಜಾಗಗಳನ್ನೂ ನಾವು ಗಮನಿಸಬೇಕು. ಅವರ ತಪ್ಪುಗಳ ಹಿಂದೆ ಅವರದೇ ಆದ ತರ್ಕವಿರುತ್ತದೆ. 'ಶಕ್ತಿ' ಎಂಬ ಪದವನ್ನು ಮಗು 'ಶಕಿತ' ಎಂದು ಓದಿತು ಎನ್ನಿ. ಬರಹವನ್ನು ಮತ್ತೆ ನೋಡಿ. ಗುಡಿಸು ಇರುವುದು 'ಕ' ಮೇಲೆ. ಅದರ ಧ್ವನಿ ಕೇಳಿಸುವುದು ಮಾತ್ರ ಕೆಳಗಿನ 'ತ' ಒತ್ತಿನ ಆಮೇಲೆ. ಮಗು ಕಂಡದ್ದನ್ನು ಕಂಡ ಹಾಗೆಯೇ ಓದಿದೆ. 'ಸೂರ್ಯ' ಎಂಬಲ್ಲಿ ಅರ್ಕಾವೊತ್ತು 'ಯ'ಕಾರದ ಬಲಕ್ಕಿದ್ದರೂ ಅದನ್ನು ಮೊದಲೇ ಉಚ್ಚರಿಸಬೇಕು. ಇನ್ನು ಹೆಚ್ಚಿನ ಒತ್ತುಗಳು ಮೂಲ ಅಕ್ಷರದ ಚಿಕ್ಕ ರೂಪಗಳಾದರೆ ತ, ನ, ಮ, ಯ, ರ, ಲಗಳ ಒತ್ತು ಬೇರೆಯೇ ಆಕಾರದವು. ಇಂಥ ಕಡೆ ಗದರಿಸಿದರೆ ಪ್ರಯೋಜನವಿಲ್ಲ. "ಒತ್ತು ಸೇರಿಸಿ, ಆಮೇಲೆ ಗುಡಿಸು ಹೇಳು" ಎಂದು ನಿಯಮವನ್ನು ಬಿಡಿಸಿ ತೋರಿಸಿ, ಭಕ್ತಿ, ಯುಕ್ತಿ, ಮುಕ್ತಿ ಎಂದು ಅದೇ ಬಗೆಯ ಪದಗಳನ್ನು ಓದಿಸಬೇಕು.

ಇದಕ್ಕೆಲ್ಲ ದುಬಾರಿ ಸಲಕರಣೆಗಳು ಬೇಕಿಲ್ಲ. ಹಳೆಯ ಮದುವೆ ಕರೆಯೋಲೆಗಳ ಖಾಲಿ ಬದಿಯನ್ನು ಕತ್ತರಿಸಿದರೆ ಮಿಂಚುಪಟ್ಟಿಗಳು ಸಿದ್ಧ. ನೆಲದ ಮೇಲೆ ಸೀಮೆಸುಣ್ಣದಿಂದ ದೊಡ್ಡದಾಗಿ ಅಕ್ಷರ ಬರೆದು, ಅದರ ಗೆರೆಯ ಮೇಲೆ ಹುಣಿಸೆಬೀಜ ಜೋಡಿಸಲು ಹೇಳಿದರೆ ಅಕ್ಷರದ ತಿರುವುಗಳು ಬೆರಳಿಗೆ ಪರಿಚಯವಾಗುತ್ತವೆ. ವ-ಮ, ದ-ಧ, ಪ-ಫ ಮುಂತಾದ ಹೋಲುವ ಜೋಡಿಗಳನ್ನು ಅಕ್ಕಪಕ್ಕ ಇಟ್ಟು ವ್ಯತ್ಯಾಸವನ್ನು ಮಗುವಿಗೇ ಹುಡುಕಲು ಬಿಡಿ. 'ಹೊಟ್ಟೆ ಸೀಳಿದರೆ ಮಹಾಪ್ರಾಣ' ಎಂಬುದನ್ನು ಅದು ತಾನೇ ಕಂಡುಕೊಳ್ಳುತ್ತದೆ. ಬಸ್ಸಿನ ಬೋರ್ಡು, ಅಂಗಡಿಯ ಫಲಕ, ಬೆಂಕಿಪೊಟ್ಟಣ, ಗೋಡೆಯ ಕ್ಯಾಲೆಂಡರು ಎಲ್ಲವೂ ಪಠ್ಯಪುಸ್ತಕಗಳೇ.

ನಮ್ಮ ಮಾಧ್ಯಮದ ಒಂದು ಮಾತನ್ನೂ ಇಲ್ಲಿ ಹೇಳಬೇಕು. ಅಹಮದಾಬಾದಿನ ಐ.ಐ.ಎಂ.ನಲ್ಲಿದ್ದ ಬ್ರಿಜ್ ಕೊಠಾರಿ ಅವರು, ಚಿತ್ರಗೀತೆ ಹಾಡುವಾಗ ಅದರ ಸಾಲನ್ನು ಅದೇ ಭಾಷೆಯಲ್ಲಿ ತೆರೆಯ ಕೆಳಗೆ ಮೂಡಿಸುವ ಯೋಚನೆಯನ್ನು ಮುಂದಿಟ್ಟರು. ಗುಜರಾತಿನ ದೂರದರ್ಶನದಲ್ಲಿ 1999ರಲ್ಲಿ ಆರಂಭವಾದ ಈ ಪ್ರಯೋಗ 2002ರಲ್ಲಿ 'ಚಿತ್ರಹಾರ್' ಕಾರ್ಯಕ್ರಮಕ್ಕೂ ಬಂತು. ಹಾಡು ಮೊದಲೇ ಬಾಯಿಗೆ ಬರುವುದರಿಂದ ಮುಂದಿನ ಪದ ಯಾವುದೆಂದು ನೋಡುಗರಿಗೆ ಗೊತ್ತಿರುತ್ತದೆ. ಕಣ್ಣು ಆ ಪದದ ರೂಪವನ್ನು ಹುಡುಕಿ ಹಿಡಿಯುತ್ತದೆ. ಅಕ್ಷರ ಕಲಿತೂ ಸರಾಗವಾಗಿ ಓದಲಾರದವರಿಗೆ ಇದು ಒಳ್ಳೆಯ ಅಭ್ಯಾಸ. ಮಗುವಿಗೆ ಬರುವ ಹಾಡೊಂದನ್ನು ಕಾಗದದಲ್ಲಿ ದೊಡ್ಡಕ್ಷರದಲ್ಲಿ ಬರೆದು, ಹಾಡುತ್ತ ಬೆರಳಿಟ್ಟು ತೋರಿಸಲು ಹೇಳಿ. ಇದೇ ಕೆಲಸ ಮನೆಯಲ್ಲಿಯೂ ನಡೆಯುತ್ತದೆ.

ಒಂದು ಎಚ್ಚರಿಕೆ ಮಾತ್ರ ಇರಲಿ. ಪಾಠವನ್ನು ಗಡಗಡನೆ ಒಪ್ಪಿಸುವ ಮಗುವೆಲ್ಲ ಓದುತ್ತಿದೆ ಎಂದು ನಂಬಬೇಡಿ. ಸಾಲಿನ ನಡುವಿನ ಒಂದು ಪದದ ಮೇಲೆ ಬೆರಳಿಟ್ಟು "ಇದೇನು?" ಎಂದು ಕೇಳಿ. ಮೊದಲಿನಿಂದ ಗುನುಗಿಕೊಂಡು ಬಂದು ಆ ಪದವನ್ನು ಮುಟ್ಟಿದರೆ ಅದು ಕಂಠಪಾಠ. ನೇರವಾಗಿ ಹೇಳಿದರೆ ಓದು.

ಮಿತ್ರರೇ, ಐವತ್ತು ಮಕ್ಕಳಿರುವ ಕೊಠಡಿಯಲ್ಲಿ ಎಲ್ಲರ ಪದದ ಮೇಲೂ ಬೆರಳಿಟ್ಟು ಕೇಳಲು ಶಿಕ್ಷಕರಿಗೆ ಸಮಯ ಸಾಲದು. ನಿಮಗೆ ಅದು ಸಾಧ್ಯ. ನಿಮ್ಮ ಮನೆಯಲ್ಲೋ, ಬೀದಿಯಲ್ಲೋ ನಿಮ್ಮನ್ನು ಅಣ್ಣ, ಅಕ್ಕ ಎಂದು ಕರೆಯುವ ಒಂದು ಮಗುವನ್ನು ಆರಿಸಿಕೊಳ್ಳಿ. ದಿನಕ್ಕೆ ಕಾಲು ಗಂಟೆ ಜೊತೆಗೆ ಕುಳಿತುಕೊಳ್ಳಿ. ಮೊದಲ ದಿನ ಐದೇ ಅಕ್ಷರ ಸಾಕು: ರ, ಗ, ಸ, ದ, ಅ. 'ಅರಸ' ಎಂದು ಆ ಮಗು ತಾನೇ ಓದಿ ನಿಮ್ಮ ಮುಖ ನೋಡುವವರೆಗೆ ತಾಳ್ಮೆಯಿಂದಿರಿ.