ಪಕ್ಷಿವೈದ್ಯ: ಔಷಧದಾನದ ಒಂದು ಮುಖ

 

ಆಹಾರ, ಔಷಧ, ಶಾಸ್ತ್ರ, ಅಭಯವೆಂಬ ನಾಲ್ಕು ದಾನಗಳ ಹೆಸರು ಶ್ರಾವಕರ ಮನೆಯ ಮಕ್ಕಳಿಗೂ ಬಾಯಿಪಾಠವಾಗಿರುತ್ತದೆ. ಅಭಯದಾನವೆಂದು ಪಂಜರದ ಗಿಳಿ, ಮುನಿಯಗಳನ್ನು ಹಣ ಕೊಟ್ಟು ಕೊಂಡು ಹಾರಿಬಿಡುವ ಪದ್ಧತಿ ದೇಶದ ಹಲವೆಡೆ ಉಂಟು. ಉದ್ದೇಶ ಪವಿತ್ರವಾದದ್ದೇ. ಆದರೆ ಅಂಗಡಿಯಲ್ಲಿ ಕುಳಿತು ಬಲ್ಲವರಿಗೆ ಇದರ ಇನ್ನೊಂದು ಮಗ್ಗುಲು ಕೂಡಲೇ ಹೊಳೆಯುತ್ತದೆ. ಕೊಳ್ಳುವವನಿದ್ದರೆ ಸರಕು ಬಂದೇ ಬರುವುದು ಪೇಟೆಯ ನಿಯಮ. ಹಬ್ಬದ ದಿನ ಹತ್ತು ಹಕ್ಕಿಗಳಿಗೆ ಗಿರಾಕಿ ಸಿಕ್ಕಿತೆಂದರೆ ಮುಂದಿನ ಹಬ್ಬಕ್ಕೆ ಬಲೆಯವನು ಇಪ್ಪತ್ತನ್ನು ಹಿಡಿದು ತರುತ್ತಾನೆ. ಬಿಡುಗಡೆಯಾದ ಹಕ್ಕಿಯ ರೆಕ್ಕೆಯ ಪುಕ್ಕಗಳನ್ನು ಮೊದಲೇ ಕತ್ತರಿಸಿದ್ದರಂತೂ ಅದು ಹಾರಲಾರದೆ ಬೆಕ್ಕಿನ ಬಾಯಿಗೆ ಬೀಳುವುದು. ದಯೆಯು ಅರಿವಿನ ಕೈಹಿಡಿದು ನಡೆಯದಿದ್ದರೆ ಎಲ್ಲಿಗೆ ಹೋಗಿ ಮುಟ್ಟುತ್ತದೆಂಬುದಕ್ಕೆ ಇದು ಸಣ್ಣ ಉದಾಹರಣೆ. ದೊಡ್ಡ ಉದಾಹರಣೆಯೂ ಇದೆ. ಅದು ಮುಂದೆ ಬರುತ್ತದೆ.

ಪಕ್ಷಿಗಳ ಔಷಧದಾನವೆಂದರೆ ಮೊದಲು ನೆನಪಾಗುವುದು ದೆಹಲಿ. ಕೆಂಪುಕೋಟೆಯ ಎದುರಿಗೆ, ಚಾಂದನಿ ಚೌಕದ ತಲೆಬಾಗಿಲಿನಲ್ಲಿ ಇರುವ ಶ್ರೀ ದಿಗಂಬರ ಜೈನ ಲಾಲ್ ಮಂದಿರವನ್ನು ಯಾತ್ರೆಗೆ ಹೋದ ಅನೇಕರು ದರ್ಶಿಸಿರಬಹುದು. ಅದರ ಆವರಣದಲ್ಲಿಯೇ ಪಕ್ಷಿಗಳ ಧರ್ಮಾಸ್ಪತ್ರೆಯೊಂದಿದೆ. 1929ರಲ್ಲಿ ಪ್ರಾರಂಭವಾದ ಈ ಸಂಸ್ಥೆ 1957ರಲ್ಲಿ ಇಲ್ಲಿಯ ಕಟ್ಟಡಕ್ಕೆ ಬಂದಿತು. ಗಾಯಗೊಂಡ ಪಾರಿವಾಳ, ಗಿಳಿ, ಗುಬ್ಬಿಗಳನ್ನು ಜನರು ಬಟ್ಟೆಯಲ್ಲಿ ಸುತ್ತಿಕೊಂಡು ತರುತ್ತಾರೆ. ತಂದವರ ಜಾತಿ ಮತಗಳನ್ನು ಕೇಳುವುದಿಲ್ಲ, ಶುಲ್ಕವನ್ನೂ ಕೇಳುವುದಿಲ್ಲ. ಒಂದು ಕರಾರು ಮಾತ್ರ ಉಂಟು. ಒಳಗೆ ಸೇರಿಸಿಕೊಂಡ ಪಕ್ಷಿಯನ್ನು ತಂದವರಿಗೆ ಹಿಂದಿರುಗಿಸುವುದಿಲ್ಲ. ವಾಸಿಯಾದೊಡನೆ ಅದನ್ನು ಆಕಾಶಕ್ಕೆ ಬಿಡುತ್ತಾರೆ. ಸಾಕಿದವನು ಬಂದು ತನ್ನ ಗಿಳಿಯೆಂದು ವಾದಿಸಿದರೂ ಅಲ್ಲಿ ಆ ಲೆಕ್ಕ ನಡೆಯದು. ದೇಶದ ಕಾಡುಗಿಳಿಗಳನ್ನು ಪಂಜರದಲ್ಲಿಡುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ನಿಷೇಧಿಸಿದೆಯಾದರೂ, ಆಸ್ಪತ್ರೆಯ ಈ ನಿಯಮ ಹೊರಟಿರುವುದು ಕಾಯಿದೆಯಿಂದಲ್ಲ, ಧರ್ಮದಿಂದ.

ಇಂಥ ಆಸ್ಪತ್ರೆಗೆ ಅತಿ ಹೆಚ್ಚು ಕೆಲಸ ತರುವುದು ಗಾಳಿಪಟದ ಹಬ್ಬ. ಗಾಜಿನ ಪುಡಿ ಸವರಿದ ಮಾಂಜಾ ದಾರ, ಅದಕ್ಕಿಂತ ಕ್ರೂರವಾದ ನೈಲಾನ್ ದಾರ, ಹಾರುವ ಹಕ್ಕಿಯ ಕಣ್ಣಿಗೆ ಕಾಣುವುದಿಲ್ಲ. ದೆಹಲಿಯಲ್ಲಿ ಆಗಸ್ಟ್ 15ರ ಸುಮಾರಿಗೆ, ಗುಜರಾತಿನಲ್ಲಿ ಸಂಕ್ರಾಂತಿಗೆ, ರೆಕ್ಕೆ ಸೀಳಿದ ಹಕ್ಕಿಗಳು ಸಾಲುಸಾಲಾಗಿ ಬರುತ್ತವೆ. ನೈಲಾನ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲಿ ದೇಶಾದ್ಯಂತ ನಿಷೇಧಿಸಿತು. ಗುಜರಾತ್ ಸರ್ಕಾರ ಅದೇ ವರ್ಷದಿಂದ ಸಂಕ್ರಾಂತಿಯ ದಿನಗಳಲ್ಲಿ ಕರುಣಾ ಅಭಿಯಾನವೆಂಬ ಚಿಕಿತ್ಸಾ ವ್ಯವಸ್ಥೆಯನ್ನು ನಡೆಸುತ್ತಿದೆ. ನಿಷೇಧವಿದ್ದರೂ ದಾರ ಕದ್ದುಮುಚ್ಚಿ ಮಾರಾಟವಾಗುತ್ತಲೇ ಇದೆ. ವರ್ತಕ ಸಮಾಜಕ್ಕೆ ಇದರ ಮೇಲೆ ಹೆಚ್ಚಿನ ವಿವರಣೆ ಬೇಕಿಲ್ಲ.

ಹಕ್ಕಿಗೆ ಚಿಕಿತ್ಸೆ ಮಾಡುವುದೆಂದರೆ ಸಣ್ಣ ಗಾತ್ರದ ದನಕ್ಕೆ ಚಿಕಿತ್ಸೆ ಮಾಡಿದಂತೆ ಎಂದು ಅನೇಕರು ಭಾವಿಸಿದ್ದಾರೆ. ಹಾಗಲ್ಲ. ಪಕ್ಷಿಯ ದೇಹರಚನೆಯೇ ಬೇರೆ. ಅದಕ್ಕೆ ಮನುಷ್ಯನಿಗಿರುವಂತೆ ಎದೆ ಹೊಟ್ಟೆಗಳ ನಡುವಿನ ವಪೆ ಇಲ್ಲ. ಎದೆಯ ಮೂಳೆ ಮೇಲೆ ಕೆಳಗೆ ಆಡಿದರೆ ಮಾತ್ರ ಉಸಿರು. ಆದ್ದರಿಂದ ಪ್ರೀತಿಯಿಂದಲೇ ಆದರೂ ಎದೆಯನ್ನು ಬಿಗಿಯಾಗಿ ಅಮುಕಿ ಹಿಡಿದರೆ ಅದು ಕೈಯಲ್ಲಿಯೇ ಉಸಿರುಗಟ್ಟಿ ಸಾಯುತ್ತದೆ. ಶ್ವಾಸಕೋಶದ ಜೊತೆಗೆ ದೇಹದ ತುಂಬ ತೆಳುವಾದ ವಾಯುಚೀಲಗಳಿವೆ. ರೆಕ್ಕೆಯ ಬುಡದ ದೊಡ್ಡ ಮೂಳೆಯೂ ಒಳಗೆ ಟೊಳ್ಳಾಗಿದ್ದು ಆ ಚೀಲಗಳಿಗೆ ಸೇರಿಕೊಂಡಿರುತ್ತದೆ. ಆ ಮೂಳೆ ಮುರಿದು ಗಾಯ ಬಾಯ್ದೆರೆದಾಗ ನೀರು ಸುರಿದು ತೊಳೆಯಹೋದರೆ ನೀರು ನೇರವಾಗಿ ಉಸಿರಿನ ದಾರಿಗೆ ಇಳಿಯುತ್ತದೆ.

ಇನ್ನು ತೂಕದ ಮಾತು. ಗುಬ್ಬಚ್ಚಿಯ ತೂಕ 30 ಗ್ರಾಮಿಗೂ ಕಡಿಮೆ. ದೇಹದ ತೂಕದ ಹತ್ತನೆಯ ಒಂದು ಪಾಲಿನಷ್ಟು ರಕ್ತವೆಂದರೂ ಅದರ ಮೈಯಲ್ಲಿರುವ ರಕ್ತವೆಲ್ಲ ಸೇರಿ ಅರ್ಧ ಚಮಚದಷ್ಟು. ಮನುಷ್ಯನಿಗೆ ಲೆಕ್ಕಕ್ಕೇ ಬಾರದಷ್ಟು ರಕ್ತಸ್ರಾವ ಅದಕ್ಕೆ ಪ್ರಾಣಾಂತಿಕವಾಗಬಹುದು. ಔಷಧವನ್ನು ಚಿನಿವಾರನು ಬಂಗಾರ ತೂಗುವಷ್ಟು ಎಚ್ಚರದಿಂದ ತೂಗಬೇಕು. ಜೊತೆಗೆ ಹಕ್ಕಿಯು ತನ್ನ ರೋಗವನ್ನು ಅಡಗಿಸುತ್ತದೆ. ಬಲಹೀನವೆಂದು ಕಂಡರೆ ಬೇಟೆಯ ಪ್ರಾಣಿ ಅದನ್ನೇ ಆರಿಸಿಕೊಳ್ಳುವುದರಿಂದ ಕೊನೆಯ ಗಳಿಗೆಯವರೆಗೂ ನೆಟ್ಟಗೆ ಕುಳಿತಿರುತ್ತದೆ. ಪುಕ್ಕ ಉಬ್ಬಿಸಿಕೊಂಡು ಹಗಲಿನಲ್ಲಿ ತೂಕಡಿಸುತ್ತಿರುವ ಹಕ್ಕಿ ಕಂಡಿತೆಂದರೆ ರೋಗ ಬಂದು ಬಹಳ ದಿನವಾಗಿದೆಯೆಂದೇ ವೈದ್ಯರು ತಿಳಿಯುತ್ತಾರೆ. ಆದರೂ ಸಕಾಲದಲ್ಲಿ ಸರಿಯಾಗಿ ಕಟ್ಟಿದ ರೆಕ್ಕೆಯ ಮೂಳೆ ಮೂರು ವಾರದೊಳಗೆ ಕೂಡಿಕೊಳ್ಳುವುದುಂಟು. ಮನುಷ್ಯನ ಮೂಳೆಗೆ ಅಷ್ಟು ಬೇಗ ಬರುವುದಿಲ್ಲ.

ಬಸದಿಯ ಗೋಪುರದಲ್ಲಿ ಪಾರಿವಾಳಗಳ ವಾಸ ಸಹಜವಾದುದರಿಂದ ಒಂದೆರಡು ವ್ಯಾವಹಾರಿಕ ವಿಷಯಗಳನ್ನು ಇಲ್ಲಿಯೇ ಹೇಳುವುದು ಒಳ್ಳೆಯದು. ಬಿದ್ದ ಹಕ್ಕಿಯ ಕೊಕ್ಕನ್ನು ತೆರೆದು ನೀರು ಹೊಯ್ಯಬಾರದು. ಶ್ವಾಸನಾಳದ ಬಾಯಿ ನಾಲಗೆಯ ಬುಡದಲ್ಲಿಯೇ ಇರುವುದರಿಂದ ನೀರು ಅಲ್ಲಿಗೆ ಹೋಗುತ್ತದೆ. ಹಾಲನ್ನು ಕೊಡಲೇಬಾರದು, ಹಾಲಿನ ಸಕ್ಕರೆಯನ್ನು ಅರಗಿಸುವ ಶಕ್ತಿ ಪಕ್ಷಿಗಳ ಕರುಳಿಗಿಲ್ಲ. ಗಾಳಿಗೆ ತೂತು ಮಾಡಿದ ರಟ್ಟಿನ ಪೆಟ್ಟಿಗೆ, ಒಳಗೆ ಹತ್ತಿಯ ಬಟ್ಟೆ, ಕತ್ತಲೆ, ಬೆಚ್ಚನೆ, ನಿಶ್ಶಬ್ದ ಇಷ್ಟೇ ಸಾಕು. ಅದರ ಸುತ್ತ ಮಕ್ಕಳೆಲ್ಲ ನೆರೆದು ತಲೆ ಸವರುವುದೂ ಬೇಡ. ಹಕ್ಕಿಗೆ ಮನುಷ್ಯನ ಕೈ ಉಪಚಾರವಲ್ಲ, ಭಯ. ಮುಟ್ಟಿದವರು ಸೋಪು ಹಚ್ಚಿ ಕೈ ತೊಳೆಯಬೇಕು. ಗಿಳಿ, ಪಾರಿವಾಳಗಳಿಂದ ಮನುಷ್ಯನಿಗೆ ಅಂಟುವ ಶ್ವಾಸಕೋಶದ ಜ್ವರವೊಂದಿದೆ. ಬಳಿಕ ಪಶುವೈದ್ಯರಲ್ಲಿಗೆ ಒಯ್ಯುವುದು.

ದೆಹಲಿಯ ಆಸ್ಪತ್ರೆಯ ವಿಷಯದಲ್ಲಿ ವಿಚಾರವಂತರು ಕೇಳುವ ಪ್ರಶ್ನೆಯೊಂದಿದೆ. ಹದ್ದು, ಗಿಡುಗ, ಗೂಬೆ ಮುಂತಾದ ಮಾಂಸಾಹಾರಿ ಪಕ್ಷಿಗಳ ಗತಿಯೇನು? ಅಲ್ಲಿಯ ಪದ್ಧತಿಯಂತೆ ಅವುಗಳಿಗೆ ಹೊರರೋಗಿಯಾಗಿ ಗಾಯ ಕಟ್ಟಿ ಕಳುಹಿಸುತ್ತಾರೆ; ಒಳಗೆ ಇರಿಸಿಕೊಳ್ಳುವುದಿಲ್ಲ. ಇರಿಸಿಕೊಂಡರೆ ಮಾಂಸವನ್ನು ತಿನ್ನಿಸಬೇಕು, ಅದು ಬಸದಿಯ ಆವರಣ. ಇದನ್ನು ಹಾಸ್ಯ ಮಾಡುವವರಿದ್ದಾರೆ. ಹಾಸ್ಯಕ್ಕೆ ಕಾರಣವಿಲ್ಲ. ಹದ್ದಿಗೆ ಅನ್ನ ಹಾಲು ಕೊಟ್ಟು ಸಸ್ಯಾಹಾರಿಯನ್ನಾಗಿ ಮಾಡಹೊರಟಿದ್ದರೆ ಅದು ಹಿಂಸೆಯಾಗುತ್ತಿತ್ತು. ತನ್ನ ವ್ರತದ ಮೇರೆಯನ್ನು ಬಾಗಿಲಿನಲ್ಲಿಯೇ ಹೇಳಿ, ಆ ಮೇರೆಯೊಳಗೆ ಮಾಡಬಹುದಾದುದನ್ನು ಪೂರ್ತಿಯಾಗಿ ಮಾಡುವುದು ಪ್ರಾಮಾಣಿಕತೆ. ಆದರೆ ಪ್ರಶ್ನೆ ಅಷ್ಟಕ್ಕೆ ಮುಗಿಯುವುದಿಲ್ಲ. ಮೇರೆಯ ಆಚೆ ಬಿದ್ದಿರುವ ಹದ್ದಿಗೂ ಪಂಚೇಂದ್ರಿಯಗಳಿವೆ, ನೋವಿದೆ.

ಅದೇ ದೆಹಲಿಯ ವಜೀರಾಬಾದಿನಲ್ಲಿ ನದೀಮ್ ಶಹಜಾದ್, ಮೊಹಮ್ಮದ್ ಸಊದ್ ಎಂಬ ಅಣ್ಣತಮ್ಮಂದಿರಿದ್ದಾರೆ. ದ್ರವ ಸೋಪು ಹಾಕುವ ಡಬ್ಬಿಗಳನ್ನು ತಯಾರಿಸುವ ಸಣ್ಣ ಉದ್ಯಮ ಅವರದು. ಗಾಯಗೊಂಡ ಹದ್ದಿಗೆ ಎಲ್ಲಿಯೂ ಆಶ್ರಯ ಸಿಗದುದನ್ನು ಕಂಡು ಅವರು ತಾವೇ ಕಟ್ಟು ಕಟ್ಟುವುದನ್ನೂ, ಹೊಲಿಗೆ ಹಾಕುವುದನ್ನೂ ಕಲಿತರು. 2010ರಲ್ಲಿ ಅದಕ್ಕಾಗಿ ವೈಲ್ಡ್‌ಲೈಫ್ ರೆಸ್ಕ್ಯೂ ಎಂಬ ಸಂಸ್ಥೆಯನ್ನೇ ಕಟ್ಟಿದರು. ಕಾರ್ಖಾನೆಯ ನೆಲಮಾಳಿಗೆಯಲ್ಲಿ ಯಂತ್ರಗಳ ಪಕ್ಕದಲ್ಲಿಯೇ ಹದ್ದುಗಳ ಚಿಕಿತ್ಸೆ ನಡೆಯಿತು. ಅವರ ಕುರಿತ ‘ಆಲ್ ದಟ್ ಬ್ರೀದ್ಸ್’ ಎಂಬ ಸಾಕ್ಷ್ಯಚಿತ್ರಕ್ಕೆ 2022ರಲ್ಲಿ ಸನ್‌ಡಾನ್ಸ್, ಕಾನ್ ಚಿತ್ರೋತ್ಸವಗಳಲ್ಲಿ ಪ್ರಶಸ್ತಿ ಬಂದಿತು. ಒಂದು ನಗರದಲ್ಲಿ ಬಸದಿಯ ಆಸ್ಪತ್ರೆ ಪಾರಿವಾಳವನ್ನೂ, ಈ ಸಹೋದರರು ಹದ್ದನ್ನೂ ನೋಡಿಕೊಳ್ಳುತ್ತಿದ್ದಾರೆ. ಇಬ್ಬರನ್ನೂ ಪರಸ್ಪರ ಪೂರಕರೆಂದು ಎಣಿಸುವುದೇ ಸರಿ.

ಹದ್ದಿನ ಮಾತು ಬಂದಾಗ ರಣಹದ್ದಿನ ಮಾತನ್ನು ಆಡದಿರಲಾಗದು. ಜೈನರಿಗೆ ಈ ಪಕ್ಷಿ ಪರಕೀಯವಲ್ಲ. ತತ್ತ್ವಾರ್ಥಸೂತ್ರವನ್ನು ರಚಿಸಿದ ಉಮಾಸ್ವಾಮಿ ಆಚಾರ್ಯರಿಗೆ ದಿಗಂಬರ ಪರಂಪರೆಯಲ್ಲಿ ಗೃಧ್ರಪಿಂಛಾಚಾರ್ಯರೆಂಬ ಹೆಸರುಂಟು. ಜೈನ ರಾಮಾಯಣದ ಜಟಾಯುವು ಮುನಿಗಳ ದರ್ಶನದಿಂದ ವ್ರತ ಹಿಡಿದ ಗೃಧ್ರ. ಹಾಗಿದ್ದ ಪಕ್ಷಿಯ ಸಂತತಿ 1990ರ ದಶಕದಲ್ಲಿ ದೇಶಾದ್ಯಂತ ಕುಸಿಯಿತು. ಭರತಪುರದ ಪಕ್ಷಿಧಾಮದಲ್ಲಿ ಅವು ಕತ್ತು ಜೋತುಬಿಟ್ಟು ಕುಳಿತು, ಕೊಂಬೆಯಿಂದ ಉರುಳಿ ಸಾಯುತ್ತಿದ್ದುದನ್ನು ವಿಭು ಪ್ರಕಾಶ್ ಎಂಬ ಪಕ್ಷಿವಿಜ್ಞಾನಿ ದಾಖಲಿಸಿದರು. ಬಿಳಿಬೆನ್ನಿನ ರಣಹದ್ದುಗಳಲ್ಲಿ 1992ರಿಂದ 2007ರೊಳಗೆ ನೂರಕ್ಕೆ 99ಕ್ಕೂ ಹೆಚ್ಚು ಇಲ್ಲವಾದವು. ಕೆಲವರು ಕೀಟನಾಶಕವೆಂದರು, ಕೆಲವರು ಅಂಟುರೋಗವೆಂದರು.

ಕಾರಣ ಗೊತ್ತಾದುದು 2004ರಲ್ಲಿ. ಪಾಕಿಸ್ತಾನದ ಪಂಜಾಬಿನಲ್ಲಿ ಲಿಂಡ್ಸೆ ಓಕ್ಸ್ ಎಂಬ ಅಮೆರಿಕದ ಪಶುವೈದ್ಯ ವಿಜ್ಞಾನಿಯೂ ಅವರ ಸಂಗಡಿಗರೂ ಸತ್ತ ರಣಹದ್ದುಗಳ ಶವಪರೀಕ್ಷೆ ಮಾಡಿದಾಗ, ಬಹುಪಾಲು ಪಕ್ಷಿಗಳ ಒಳಾಂಗಗಳ ಮೇಲೆ ಸುಣ್ಣ ಬಳಿದಂತೆ ಬಿಳಿಯ ಪದಾರ್ಥ ಕಂಡಿತು. ಅದು ಯೂರಿಕ್ ಆಮ್ಲ. ಪಕ್ಷಿಗಳು ದೇಹದ ಕಲ್ಮಷವನ್ನು ಆ ರೂಪದಲ್ಲಿ ಮೂತ್ರಪಿಂಡದ ಮೂಲಕ ಹೊರಹಾಕುತ್ತವೆ. ಮೂತ್ರಪಿಂಡ ಕೆಟ್ಟರೆ ಅದು ಒಳಗೇ ಹರಳುಗಟ್ಟುತ್ತದೆ. ಕೆಡಿಸಿದ್ದು ಡೈಕ್ಲೋಫಿನಾಕ್ ಎಂಬ ನೋವುನಿವಾರಕ. ಮನುಷ್ಯರು ಸೊಂಟನೋವಿಗೆ ನುಂಗುವ ಅದೇ ಔಷಧ. ದನಗಳ ಕಾಲುನೋವು, ಕೆಚ್ಚಲುಬಾವುಗಳಿಗೆ ಅಗ್ಗವಾಗಿ ದೊರೆಯುತ್ತಿದ್ದುದರಿಂದ ಊರೂರಿಗೆ ಹರಡಿತ್ತು. ಚುಚ್ಚುಮದ್ದು ಕೊಟ್ಟ ಒಂದೆರಡು ದಿನದೊಳಗೆ ದನ ಸತ್ತು, ಅದನ್ನು ರಣಹದ್ದು ತಿಂದರೆ, ಕೆಲವೇ ದಿನಗಳಲ್ಲಿ ಪಕ್ಷಿಯೂ ಸತ್ತಿತು. ನೂರು ಕಳೇಬರಗಳಲ್ಲಿ ಒಂದಕ್ಕಿಂತಲೂ ಕಡಿಮೆ ಪ್ರಮಾಣದಲ್ಲಿ ಈ ವಿಷವಿದ್ದರೂ ಸಂತತಿ ಅಳಿಯಲು ಸಾಕೆಂದು ವಿಜ್ಞಾನಿಗಳು ಲೆಕ್ಕ ಹಾಕಿದರು, ಏಕೆಂದರೆ ಒಂದು ಕಳೇಬರಕ್ಕೆ ಹತ್ತಾರು ಹದ್ದುಗಳು ಇಳಿಯುತ್ತವೆ.

ಧರ್ಮಬಂಧುಗಳು ಇದನ್ನು ಮನಸ್ಸಿಟ್ಟು ಕೇಳಬೇಕು. ಇಲ್ಲಿ ಯಾರೂ ರಣಹದ್ದನ್ನು ಕೊಲ್ಲಲು ಹೊರಟಿರಲಿಲ್ಲ. ನರಳುವ ಮೂಕಪ್ರಾಣಿಯ ನೋವನ್ನು ನೀಗಿಸಲು ಕೊಟ್ಟ ಔಷಧವದು. ಔಷಧದಾನವೇ ಕೈತಪ್ಪಿ ಲಕ್ಷಾಂತರ ಜೀವಗಳಿಗೆ ಮೃತ್ಯುವಾಯಿತು. ಸಾಧುವಾದ ಇಚ್ಛೆಯೊಂದೇ ಇದನ್ನು ತಡೆಯಲಾರದಾಯಿತು. ತಡೆದದ್ದು ಸತ್ತ ಹಕ್ಕಿಯ ಒಡಲನ್ನು ಪರೀಕ್ಷಿಸಿದ ವಿದ್ಯೆ. ಶಾಸ್ತ್ರದಾನವನ್ನು ಔಷಧದಾನದ ಪಕ್ಕದಲ್ಲಿಯೇ ಹಿರಿಯರು ಇರಿಸಿದ್ದಾರಷ್ಟೆ.

2006ರಲ್ಲಿ ಭಾರತ ಸರ್ಕಾರ ಪಶುಗಳಿಗಾಗಿ ಡೈಕ್ಲೋಫಿನಾಕ್ ತಯಾರಿಸುವುದನ್ನು ನಿಲ್ಲಿಸಿತು. ಮೆಲೋಕ್ಸಿಕಾಮ್ ಎಂಬ ಬದಲಿ ಔಷಧ ರಣಹದ್ದಿಗೆ ನಿರಪಾಯವೆಂದು ಅದೇ ವರ್ಷ ಪ್ರಯೋಗಗಳಿಂದ ಸಿದ್ಧಪಟ್ಟಿತು. ಆದರೆ ಮನುಷ್ಯರಿಗೆಂದು ಬರುತ್ತಿದ್ದ ದೊಡ್ಡ ಬಾಟಲಿಗಳನ್ನೇ ದನಗಳಿಗೆ ಬಳಸುವುದು ಮುಂದುವರಿದುದರಿಂದ, 2015ರಲ್ಲಿ ಅವುಗಳನ್ನೂ ನಿಲ್ಲಿಸಿ ಒಂದು ಸಲಕ್ಕೆ ಸಾಕಾಗುವ 3 ಮಿಲಿಲೀಟರಿನ ಬಾಟಲಿಗೆ ಮಿತಿಗೊಳಿಸಬೇಕಾಯಿತು. ರಣಹದ್ದಿಗೆ ಮಾರಕವೆಂದು ಕಂಡುಬಂದ ಅಸಿಕ್ಲೋಫಿನಾಕ್, ಕೀಟೋಪ್ರೊಫೇನ್ ಎಂಬ ಇನ್ನೆರಡನ್ನು ಪಶುಗಳಿಗೆ ಬಳಸುವುದನ್ನು 2023ರಲ್ಲಿ ನಿಷೇಧಿಸಲಾಯಿತು. ಹರಿಯಾಣದ ಪಿಂಜೋರಿನಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರೂ ಅರಣ್ಯ ಇಲಾಖೆಯವರೂ ಕೂಡಿ ರಣಹದ್ದುಗಳನ್ನು ಸಾಕಿ ಮರಿ ಮಾಡಿಸುತ್ತಿದ್ದಾರೆ.

ಜೈನ ಸಮಾಜದವರು ನಡೆಸುವ, ಇಲ್ಲವೆ ಧನಸಹಾಯ ಕೊಡುವ ಗೋಶಾಲೆಗಳು ಅನೇಕ. ಅಲ್ಲಿರುವುದು ಬಹುಮಟ್ಟಿಗೆ ಮುದಿ ದನಗಳು, ಅವುಗಳಿಗೆ ಬೇಕಾಗುವುದು ಬಹುಮಟ್ಟಿಗೆ ನೋವಿನ ಔಷಧ. ದೇಣಿಗೆಯ ಲೆಕ್ಕವನ್ನು ಕಾಸಿಗೆ ಕಾಸು ತಾಳೆ ನೋಡುವ ಆಡಳಿತ ಮಂಡಳಿಯವರು ಔಷಧದ ಬೀರುವನ್ನೂ ಒಮ್ಮೆ ತೆರೆಸಿ, ಬಾಟಲಿಗಳ ಚೀಟಿಯನ್ನು ಓದಿಸಬೇಕು. ಮೇಲಿನ ಮೂರು ಹೆಸರುಗಳಲ್ಲಿ ಯಾವುದಿದ್ದರೂ ಅದನ್ನು ತೆಗೆಸಿ, ಪಶುವೈದ್ಯರನ್ನು ಕೇಳಿ ಮೆಲೋಕ್ಸಿಕಾಮ್ ತರಿಸಬೇಕು. ಚಿಕಿತ್ಸೆಯ ನಡುವೆ ಸತ್ತ ದನವನ್ನು ಬಯಲಿಗೆ ಎಸೆಯದೆ ಆಳವಾಗಿ ಹೂಳಿಸಬೇಕು.

ಕರ್ನಾಟಕದಲ್ಲಿ ಈ ಮಾತು ದೂರದ್ದಲ್ಲ. ರಾಮನಗರದ ರಾಮದೇವರಬೆಟ್ಟದ ಬಂಡೆಗಳ ಮೇಲೆ ಉದ್ದಕೊಕ್ಕಿನ ರಣಹದ್ದುಗಳು ಗೂಡು ಕಟ್ಟುತ್ತಿದ್ದುದರಿಂದ 2012ರಲ್ಲಿ ಸರ್ಕಾರ ಅದನ್ನು ರಣಹದ್ದುಗಳ ಧಾಮವೆಂದು ಘೋಷಿಸಿತು. ಬೆರಳಲ್ಲಿ ಎಣಿಸುವಷ್ಟು ಪಕ್ಷಿಗಳು ಮಾತ್ರ ಅಲ್ಲಿ ಉಳಿದಿದ್ದುವು. ರಣಹದ್ದಿನ ಜೋಡಿ ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಆ ಮರಿ ಬೆಳೆದು ತಾನು ಮೊಟ್ಟೆಯಿಡಲು ಐದು ವರ್ಷಗಳು ಬೇಕು.