ಗಾಳ ಹಾಕುವ ಮುನ್ನ



ಪರಿಚಯವಿಲ್ಲದ ಕೆರೆಯೊಂದಕ್ಕೆ ಮೊದಲ ಸಲ ಗಾಳ ಹಿಡಿದು ಹೋದಾಗ, ಒಂದು ತಾಸು ಏನನ್ನೂ ಎಸೆಯದೆ ದಂಡೆಯಲ್ಲಿ ಕುಳಿತಿದ್ದೆ. ಗಾಳಿಯು ಕಸಕಡ್ಡಿಯನ್ನು ತಳ್ಳಿದ ಮೂಲೆಯಲ್ಲಿ ಕೆಸರು ಮೋಡದಂತೆ ಏಳುತ್ತಿತ್ತು. ಗುಳ್ಳೆಗಳು ಸಾಲಾಗಿ ಬರುತ್ತಿದ್ದವು. ಗೆಂಡೆ ಮೀನು ತಳದ ಮಣ್ಣನ್ನು ಹೀರಿ, ಆಹಾರವನ್ನು ಉಳಿಸಿಕೊಂಡು, ಮಿಕ್ಕದ್ದನ್ನು ಉಗುಳುವ ಗುರುತದು. ಎರೆಹುಳು ಪೋಣಿಸಿ ತಳಕ್ಕೆ ಬಿಟ್ಟೆ. ಸಂಜೆಯ ವೇಳೆಗೆ ಒಂದು ಸಿಕ್ಕಿತು. ಉದ್ದನೆಯ ಬೆನ್ನುರೆಕ್ಕೆ, ಬಾಯಿಯ ಬಳಿ ಎರಡು ಜೊತೆ ಮೀಸೆ: ಸಾಮಾನ್ಯ ಗೆಂಡೆ.

ಹಿಗ್ಗಿದೆ, ನಿಜ. ಆದರೆ ಇದು ನಮ್ಮ ಹೊಳೆಯ ಮೀನಲ್ಲ. 1939ರಲ್ಲಿ ಸಿಲೋನಿನಿಂದ ನೀಲಗಿರಿಗೆ ತಂದದ್ದು. 1957ರಲ್ಲಿ ಬ್ಯಾಂಕಾಕಿನಿಂದ ಇನ್ನೊಂದು ತಳಿ ಬಂದಿತು. ಕಾಟ್ಲಾ, ರೋಹುಗಳಂತೆ ಹರಿವ ನೀರನ್ನು ಕಾಯದೆ ನಿಂತ ನೀರಿನಲ್ಲೇ ಮೊಟ್ಟೆಯಿಡುತ್ತದೆ; ಬೇಗ ಬೆಳೆಯುತ್ತದೆ. ಬಡವರ ಊಟಕ್ಕೆ ಒದಗಿದೆ ಎಂಬುದನ್ನು ಅಲ್ಲಗಳೆಯಲಾರೆ. ಆದರೆ ತಳ ಕೆದಕಿ ನೀರನ್ನು ಕದಡುತ್ತದೆ, ನೀರೊಳಗಿನ ಗಿಡಗಳನ್ನು ಬೇರುಸಹಿತ ಕೀಳುತ್ತದೆ. ಆ ಗಿಡಗಳ ಮರೆಯಲ್ಲಿ ಮರಿ ಬೆಳೆಸುವ ನಾಡಮೀನುಗಳಿಗೆ ನೆಲೆ ತಪ್ಪುತ್ತದೆ.

ನಮ್ಮೊಡನೆ ಬಂದ ಹುಡುಗನೊಬ್ಬ ಆ ಸಂಜೆ ನಾಲ್ಕು ಗೆಂಡೆಮರಿಗಳನ್ನು ಕೊಡದಲ್ಲಿ ಜೀವಂತವಾಗಿ ಹೊತ್ತು ಹೊರಟಿದ್ದ, ನಮ್ಮೂರ ಹೊಳೆಯ ಮಡುವಿಗೆ ಬಿಡಲು. "ಅಲ್ಲಿಯೂ ಮೀನಾಗಲಿ ಅಣ್ಣ" ಎಂದ. ಗದರಿಸಲು ಮನಸ್ಸಾಗಲಿಲ್ಲ. ಆ ಮಡುವಿನಲ್ಲಿ ಈಗಿರುವ ಮೀನುಗಳ ಹೆಸರು ಹೇಳೆಂದೆ. ಏಳನ್ನು ಹೇಳಿದ; ಹೇಳಿ ಸುಮ್ಮನಾದ. ಕೊಡವನ್ನು ಅಲ್ಲೇ ಕೆರೆಗೆ ಬಗ್ಗಿಸಿದೆವು.